ಬಲ್ಬಿನ ಕೆಳಗೆ ಬೆಂದ ಡೈನಿಂಗ್ ಟೇಬಲ್

ನಮ್ಮ ಸೋದರಮಾವನ ಬಗ್ಗೆ ಕೊಟ್ಟೂರಿನಲ್ಲಿ ಒಂದು ಕತೆ ಓಡಾಡುತ್ತಿದೆ. ಮನೆಯಲ್ಲೇ ಡೈನಿಂಗ್ ಟೇಬಲ್ ಮಾಡಿದ ಮಹಾಶಯ, ಅದಕ್ಕೆ ಪಾಲಿಶ್ ಕೊಳ್ಳಲು ಕೈ ಬಾರದೆ, ತನ್ನ ಅಂಗಡಿಯಲ್ಲಿ ಬಿದ್ದಿದ್ದ ಮೋಟಾರಿನ ವಾರ್ನಿಷ್ ಬಳಿದು ಕೆಡಿಸಿಕೊಂಡನಂತೆ. ಅಷ್ಟು ಜಿಪುಣನಂತೆ! ಬಂಧುಗಳು ಮದುವೆ ಪಂಕ್ತಿಯಲ್ಲಿ ಇದನ್ನು ಹೇಳಿ ನಗುತ್ತಾರೆ, ನಕ್ಕ ಸುಸ್ತಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ.

ನಾನು ಈ ಕತೆಯನ್ನು ಒಪ್ಪುವುದಿಲ್ಲ. ಜಿಪುಣನಾದವನು ಒಂದು ಟೇಬಲ್ ಒಣಗಿಸಲು ಇನ್ನೂರು ವ್ಯಾಟಿನ ಆರು ಬಲ್ಬುಗಳನ್ನು ಹಗಲೆಲ್ಲ ಉರಿಸುತ್ತಾನೆಯೇ? ಅದೂ ಒಂಬತ್ತು ದಿನ? ಅದೂ ಏಪ್ರಿಲ್ ತಿಂಗಳಲ್ಲಿ, ಕೊಟ್ಟೂರಿನಲ್ಲಿ! ಎದುರು ಪಕ್ಷದವರು ಮೊದಲು ಇದಕ್ಕೆ ಉತ್ತರ ಕೊಡಲಿ, ಆಮೇಲೆ ಹೋಳಿಗೆ ತಿನ್ನಲಿ. ನಮ್ಮ ಮಾವ ಜಿಪುಣನಲ್ಲ. ಅವನ ಕಾಯಿಲೆಯೇ ಬೇರೆ. ಈ ಭೂಮಿಯ ಮೇಲಿರುವ ಪ್ರತಿಯೊಂದು ವಸ್ತುವೂ ಒಳಗೊಳಗೆ ಒಂದು ಪಂಪ್‌ಸೆಟ್ ಮೋಟಾರು ಎಂದು ಅವನು ಮನಸಾರೆ ನಂಬಿದ್ದಾನೆ.

ಮಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಸಹಳ್ಳಿಯಿಂದ ಇಲ್ಲೇ ಹತ್ತಿರದ ಅರಸೀಕೆರೆಯವರೆಗೆ ಯಾರ ಹೊಲದಲ್ಲಿ ಮೋಟಾರು ಸುಟ್ಟರೂ ಕೊನೆಗೆ ಇವನ ಬಾಗಿಲಿಗೇ ಬರುತ್ತದೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಷ್ ಹೊಯ್ದು, ಒಳಗೊಂದು ದೊಡ್ಡ ಬಲ್ಬು ಇಳಿಬಿಟ್ಟು ಕಾಯಿಸಿ ಒಣಗಿಸುವುದು ಅವನ ಕಸುಬು. ಮನುಷ್ಯರಿಗೂ ಅದೇ ಚಿಕಿತ್ಸೆ. ಜ್ವರ ಬಂದರೆ ‘ಓವರ್‌ಲೋಡ್’. ಡಿಗ್ರಿ ಓದಲೆಂದು ಅವರ ಮನೆಯಲ್ಲಿರುವ ನಾನು ಒಮ್ಮೆ ಚರ್ಚಾಸ್ಪರ್ಧೆಯಲ್ಲಿ ಸೋತು ಮುಖ ಊದಿಸಿಕೊಂಡು ಬಂದಾಗ ಅವನು ಹೇಳಿದ್ದು ಇಷ್ಟೇ: “ಒಂದು ಫೇಸ್ ಹೋಗೇತಿ. ಮಲಕ್ಕೋ, ತಾನ ಬರ್ತೈತಿ.”

ಇಂಥವನು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ಕರೆಂಟು ಹೋಯಿತು ಎನ್ನುವಷ್ಟೇ ಸಹಜವಾಗಿ ಹೇಳಿದ: “ನಿಮ್ಮತ್ತಿ ನಿಂತಗೊಂಡು ಉಣ್ಣಾಕತ್ಯಾಳ.”

“ಯಾಕ?”

“ಮೊಣಕಾಲು. ನೆಲಕ್ಕ ಕುಂತ್ರ ಏಳಾಕ ಬರವಲ್ದು. ಡೈನಿಂಗ್ ಟೇಬಲ್ ಮಾಡ್ತೀನಿ. ಆಕಿ ಕುಂತು ಉಣ್ಣಬೇಕು, ಅಷ್ಟ.”

ನಮ್ಮಲ್ಲಿ ಊಟವೆಂದರೆ ಪಡಸಾಲೆಯಲ್ಲಿ ನೆಲದ ಮೇಲೆ. ಅತ್ತೆಯದು ಎಲ್ಲರದೂ ಆದ ಮೇಲೆ, ಒಳಗೆ ಅಡುಗೆಮನೆಯಲ್ಲಿ. ನಾನು ನನ್ನ ಅಭ್ಯಾಸದಂತೆ ಪ್ರತಿವಾದ ಹೂಡಿದೆ. “ಟೇಬಲ್ ಯಾಕ ಮಾವಾ? ಪ್ಲಾಸ್ಟಿಕ್ ಕುರ್ಚಿ ಅದಾವಲ್ಲ. ಕುರ್ಚಿ ಮ್ಯಾಲೆ ಕುಂತು, ತಾಟು ಕೈಯಾಗ ಹಿಡಕೊಂಡು ಉಣ್ಣಬಹುದು.”

“ಖಡಕ್ ರೊಟ್ಟಿ ಮುರಿಯಾಕ ಎರಡು ಕೈ ಬೇಕವ್ವ. ತಾಟು ಹಿಡಿಯಾಕ ಮೂರನೇ ಕೈ ನೀ ಕೊಡ್ತಿಯೇನು?”

ಜಿಲ್ಲಾ ಮಟ್ಟದ ಕಪ್ ಗೆದ್ದವಳು ನಾನು. ಅವತ್ತು ಚಹಾದ ಲೋಟ ತೊಳೆಯಲು ಎದ್ದೆ.

ಹಿರೇಹಡಗಲಿಯಲ್ಲಿ ಅತ್ತೆಯ ತವರಿನವರು ಹಳೆಯ ದನದ ಕೊಟ್ಟಿಗೆ ಬಿಚ್ಚಿದಾಗ ಬಂದಿದ್ದ ಬೇವಿನ ಹಲಗೆಗಳು ಅಟ್ಟದ ಮೇಲಿದ್ದವು. ಅವು ಕೆಳಗಿಳಿದವು. ಬಡಿಗೇರರನ್ನು ಕರೆಯೋಣ ಎಂದು ಅತ್ತೆ ಅಂದದ್ದಕ್ಕೆ ಮಾವ ಅವಮಾನವಾದವನಂತೆ ನೋಡಿದ. ಅಂಗಡಿಯ ಕಟರ್, ಡ್ರಿಲ್ಲು ಎಲ್ಲ ಮನೆಗೆ ಬಂದವು. ಎರಡು ವಾರದಲ್ಲಿ ಟೇಬಲ್ ಎದ್ದು ನಿಂತಿತು. ಒಂದೇ ಒಂದು ಮೊಳೆಯಿಲ್ಲ! ಎಲ್ಲ ಕಡೆ ಮೋಟಾರಿನ ಪಾದಕ್ಕೆ ಹಾಕುವ ದಪ್ಪ ಬೋಲ್ಟು, ವಾಷರು, ನಟ್ಟು.

“ಮೊಳಿ ಹೊಡದ್ರ ಬಿಚ್ಚಾಕ ಬರಂಗಿಲ್ಲ,” ಎಂದು ವಿವರಿಸಿದ. “ನಾಳೆ ಸರ್ವೀಸಿಗೆ ಬಂದ್ರ ಏನ್ ಮಾಡ್ತಿ?”

ಡೈನಿಂಗ್ ಟೇಬಲ್ ಸರ್ವೀಸಿಗೆ ಬರುತ್ತದೆಯೇ? ಬಂದರೆ ಎಷ್ಟು ಊಟಕ್ಕೊಮ್ಮೆ? ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿರುತ್ತಿತ್ತು ಎಂಬ ಭಯ.

ಮುಂದಿನದು ಬಣ್ಣ. ಬೇವು ಬೇವಿನಂತೆಯೇ ಇರಲಿ ಎಂದು ಅತ್ತೆ. ಇಲ್ಲ, ತೇಗದಂತೆ ಕಾಣಬೇಕು ಎಂದು ಮಾವ. ಬಣ್ಣದ ಅಂಗಡಿಯಿಂದ ತೇಗದ ಬಣ್ಣದ ಸ್ಟೇನ್ ಡಬ್ಬಿ ತಂದ. ಒಳ್ಳೆಯ ಕಂಪನಿಯದೇ ತಂದ, ಜಿಪುಣ ಎನ್ನುವವರು ಇದನ್ನೂ ಬರೆದುಕೊಳ್ಳಲಿ.

“ಬೇವಿಗೆ ತೇಗದ ವೇಷ ಹಾಕೋದು ಮೋಸ ಅಲ್ಲೇನು ಮಾವಾ?”

“ನೀ ಸ್ಟೇಜ್ ಹತ್ತೋವಾಗ ಮುಖಕ್ಕ ಪೌಡರ್ ಬಡಕೊಳ್ಳಂಗಿಲ್ಲೇನು?”

ಬಟ್ಟೆಯಲ್ಲಿ ಅದ್ದಿ ಅದ್ದಿ ಒರೆಸಿದ. ಒಣಗಿದಾಗ ಟೇಬಲ್ಲಿನ ನಡುವೆ ತೇಗದ ಬಣ್ಣ ಹಿಡಿಯದ ಮೂರು ಬಿಳಿಚು ವೃತ್ತಗಳು, ಪಕ್ಕದಲ್ಲಿ ನಾಲ್ಕು ಬೆರಳಿನ ಗುರುತು! ಇದೇನು ಮಾಯೆ? ಮಾಯೆಯೇನಿಲ್ಲ. ಟೇಬಲ್ ಕಟ್ಟುತ್ತಿದ್ದ ಎರಡು ವಾರವೂ ಸಂಜೆ ನಾಲ್ಕಕ್ಕೆ ಮಾವ ಆ ಬರಿಯ ಹಲಗೆಯ ಮೇಲೆಯೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಟ್ಟುಕೊಂಡು ತಿನ್ನುತ್ತಿದ್ದ. ಮಿರ್ಚಿಯ ಎಣ್ಣೆ ಬೇವಿನೊಳಗೆ ಇಳಿದು ಕೂತಿತ್ತು. ಎಣ್ಣೆ ಕುಡಿದ ಕಟ್ಟಿಗೆ ಬಣ್ಣ ಕುಡಿಯುವುದಿಲ್ಲ.

ಅತ್ತೆ ಹತ್ತಿರ ಬಂದು, ಆ ನಾಲ್ಕು ಬೆರಳಿನ ಪಕ್ಕ ಬಗ್ಗಿ ನೋಡಿ, “ಕಳ್ಳ ಯಾರಂತ ಪೊಲೀಸರನ್ನ ಕರಸೋದೇನು ಬ್ಯಾಡ ಬಿಡ್ರಿ,” ಅಂದಳು.

ಆ ಗುರುತು ಮುಚ್ಚಲೆಂದೇ ಮಾವ ಮೋಟಾರಿನ ವಾರ್ನಿಷ್ ತಂದದ್ದು. “ಬಾವಿ ದಂಡಿಗೆ ಬಿಸಿಲು, ಮಳಿ, ಹಾವು, ಚೇಳು ಎಲ್ಲಾ ತಡಕೊಂಡು ಹತ್ತು ವರ್ಷ ಇರ್ತೈತಿ ಇದು. ನಿಮ್ಮತ್ತಿ ಸಾರಿಗೆ ಹೆದರ್ತೈತೇನು?” ಹೊಯ್ದ. ಬಳಿದ. ಟೇಬಲ್ ಕನ್ನಡಿಯಂತೆ ಹೊಳೆಯಿತು. ಒಣಗಲಿಲ್ಲ.

ಮರುದಿನವೂ ಒಣಗಲಿಲ್ಲ. ಮಾವ ಕಂಗಾಲಾಗಲಿಲ್ಲ. ಮೋಟಾರಿಗೆ ಮಾಡುವುದನ್ನೇ ಮಾಡಿದ. ಪಡಸಾಲೆಯ ಜಂತಿಯಿಂದ ಆರು ಬಲ್ಬುಗಳನ್ನು ಟೇಬಲ್ಲಿನ ಮೇಲೆ ಗೇಣುದ್ದ ಅಂತರದಲ್ಲಿ ಇಳಿಬಿಟ್ಟ. ನಾವು ಮನೆ ಬಿಟ್ಟು ಕಟ್ಟೆಯ ಮೇಲೆ ಸಂಸಾರ ಹೂಡಿದೆವು. ಪಕ್ಕದ ಮನೆಯಾಕೆ ಇಣುಕಿ ಅತ್ತೆಯನ್ನು ಕೇಳಿದಳು: “ಇಷ್ಟು ಬಲ್ಬು ಹಚ್ಚಿ ಕೋಳಿಮರಿ ಸಾಕಾಕತ್ತೀರೇನ್ರಿ?”

“ಹ್ಞೂಂ ರೀ,” ಅಂದಳು ಅತ್ತೆ, “ಒಂದ ಮರಿ. ನಾಕು ಕಾಲು.”

“ಮಾವಾ, ಮೋಟಾರಿನ ಕಬ್ಬಿಣ ಕಾಯ್ತೈತಿ, ಅದಕ್ಕ ವಾರ್ನಿಷ್ ಗಟ್ಟಿ ಆಗ್ತೈತಿ. ಇದು ಕಟ್ಟಿಗಿ. ಬಲ್ಬಿಗೆ ಎಲ್ಲಿ ಕಾಯಬೇಕು?” ಎಂದು ನಾನು ಅಂಶಗಳನ್ನು ಬೆರಳು ಮಡಚಿ ಮಂಡಿಸಿದೆ. “ನೀ ಕಪ್ ತಂದಾಕಿ, ಕಾಯಿಲ್ ಸುತ್ತಿದಾಕಿ ಅಲ್ಲ,” ಎಂದು ತೀರ್ಪು ಬಂತು. ಅಷ್ಟರಲ್ಲಿ ಅರಸೀಕೆರೆಯ ಗಿರಾಕಿಯೊಬ್ಬರು ಮಾವನನ್ನು ಹುಡುಕಿಕೊಂಡು ಒಳಗೆ ಬಂದು, ಹೆಗಲ ಮೇಲಿನ ಟವೆಲ್ ತೆಗೆದು ಟೇಬಲ್ಲಿನ ಮೇಲಿಟ್ಟರು. ಮಾತಾಡಿದರು. ಎದ್ದರು. ಟವೆಲ್ ಏಳಲಿಲ್ಲ! ಅವರು ಒಂದು ತುದಿ, ಮಾವ ಒಂದು ತುದಿ ಹಿಡಿದು ಎಳೆದದ್ದಕ್ಕೆ ಅರ್ಧ ಅರಸೀಕೆರೆಗೆ ಹೋಯಿತು, ಅರ್ಧ ನಮ್ಮಲ್ಲೇ ಉಳಿಯಿತು.

ನಗುವವರು ನಕ್ಕರು. ಆದರೆ ಆ ಒಂಬತ್ತು ದಿನವೂ ಅತ್ತೆ ನಿಂತೇ ಉಂಡಳು. ಮಾವ ದಿನಾ ಅಂಗಡಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ಟೇಬಲ್ಲಿಗೆ ಒಂದು ಬೆರಳು ಒತ್ತಿ ನೋಡುತ್ತಿದ್ದ. ಬೆರಳು ಅಂಟುತ್ತಿತ್ತು. ಒಂಬತ್ತನೆಯ ದಿನ ಬೆರಳನ್ನು ಪಂಚೆಗೆ ಒರೆಸಿಕೊಂಡು, ಬಲ್ಬುಗಳನ್ನು ಒಂದೊಂದಾಗಿ ಆರಿಸಿ, “ಆಗವಲ್ದು,” ಅಂದ. ಎಂಥೆಂಥ ಕರಕಲಾದ ಮೋಟಾರು ಬಂದಾಗಲೂ ಅವನ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ.

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. “ನಮ್ಮಪ್ಪ ಬಂಡಿಗೆ, ಕೂರಿಗಿಗೆ ಎಲ್ಲಾ ಅಗಸಿ ಎಣ್ಣಿ ತಿಕ್ಕತಿದ್ದ. ಮಳ್ಯಾಗ ನೆನದ್ರೂ ಏನೂ ಆಗ್ತಿದ್ದಿಲ್ಲ,” ಅಂದಳು.

“ಮೊದಲ ಯಾಕ ಹೇಳಲಿಲ್ಲ ನೀನು?”

“ನೀವು ಎಲ್ಲಿ ಕೇಳಿದ್ರಿ?”

ಮಾವ ಥಿನ್ನರ್ ತಂದ. ತಂತಿ ಕೆರೆಯುವ ಚಾಕುವಿನಿಂದ ಎರಡು ದಿನ ಕೆರೆದ. ವಾರ್ನಿಷ್ ಹೋಯಿತು, ತೇಗದ ವೇಷ ಹೋಯಿತು, ಅರ್ಧ ಟವೆಲ್ಲೂ ಹೋಯಿತು. ಉಪ್ಪುಕಾಗದ ಹಾಕಿ ಉಜ್ಜಿದ ಮೇಲೆ ಅತ್ತೆ ತನ್ನ ಹಳೆಯ ಸೀರೆಯ ಚೂರಿನಲ್ಲಿ ಅಗಸೆ ಎಣ್ಣೆ ಅದ್ದಿ ತಿಕ್ಕಿದಳು. ಒಣಗಲು ಬಿಟ್ಟು ಮತ್ತೆ ತಿಕ್ಕಿದಳು. ಹೀಗೆ ಮೂರು ಸಲ. ಬೇವು ತನ್ನಷ್ಟಕ್ಕೆ ತಾನೇ ಜೇನಿನ ಬಣ್ಣಕ್ಕೆ ತಿರುಗಿತು. ನೋಡಲು ಬಂದವರಿಗೆಲ್ಲ ಮಾವ ಗಂಭೀರವಾಗಿ ಹೇಳಿದ: “ನಾನೂ ಇದನ್ನ ಮಾಡಬೇಕಂತ ಇದ್ದೆ.”

ಹೋದ ಭಾನುವಾರ ಮಧ್ಯಾಹ್ನ ಟೇಬಲ್ಲಿನ ಮೊದಲ ಊಟ. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಅತ್ತೆ ಎರಡೇ ತಾಟು ತಂದಿಟ್ಟಳು.

“ನೀ ಕುಂದ್ರು,” ಅಂದ ಮಾವ.

“ನೀವು ಉಣ್ರಿ. ನಂದು ಹಿಂದಾಗಡೆ ಇದ್ದದ್ದ.”

“ಲೋಡ್ ಹಾಕಿ ನೋಡಲಾರದ ನಾ ಯಾವ ಮೋಟಾರೂ ಹೊರಗ ಕೊಟ್ಟಿಲ್ಲ. ಕುಂದ್ರು ಅಂದ್ರ ಕುಂದ್ರು.”

ಅತ್ತೆ ಕುಂತಳು. ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕುಂತವರಂತೆ. ಮಾವ ಬಡಿಸಿದ. ರೊಟ್ಟಿಯ ಮೇಲೆ ಪಲ್ಯ, ಪಲ್ಯದ ಮೇಲೆ ಚಟ್ನಿ, ಚಟ್ನಿಯ ಮೇಲೆ ಇನ್ನೊಂದು ರೊಟ್ಟಿ, ಎಲ್ಲವನ್ನೂ ಬೋಲ್ಟು, ವಾಷರು, ನಟ್ಟಿನಂತೆ ಒಂದರ ಮೇಲೊಂದು ಪೇರಿಸಿ, ಮತ್ತೆ ರೊಟ್ಟಿ ತರಲು ಒಳಗೆ ಹೋದ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದಳು:

“ನಾ ನಿಂತು ಉಣ್ತೀನಂತ ಇವರಿಗೆ ನೀ ಹೇಳಿದ್ದೇನವ್ವ?”

“ಇಲ್ಲತ್ತಿ. ನನಗ ಮಾವ ಹೇಳಿದ್ದು.”

“ಹೌದಾ? ಇವರು ಉಂಡು ಅಂಗಡಿಗೆ ಹೋದ ಮ್ಯಾಲೆ ನಾ ತಾಟು ಹಿಡಿಯೋದು. ರಾತ್ರಿ ನೀವೆಲ್ಲಾ ಮಲಕ್ಕೊಂಡ ಮ್ಯಾಲೆ. ಯಾರಿಗೂ ಹೇಳಿದ್ದಿಲ್ಲ ನಾನು.”

ನಾನು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದೆ. ಹೆಣ್ಣಿನ ಸ್ಥಾನಮಾನದ ಬಗ್ಗೆ ಮಾತಾಡಿ ನಾನು ಗೆದ್ದ ಮೂರು ಕಪ್ಪುಗಳು ಅದೇ ಪಡಸಾಲೆಯ ಗೂಡಿನಲ್ಲಿವೆ. ಎರಡು ವರ್ಷ ಆ ಮನೆಯಲ್ಲಿದ್ದು ನಾನು ನೋಡದೇ ಇದ್ದದ್ದನ್ನು, ಊಟ ಮುಗಿಸಿ ಹೊರಗೆ ಹೋದ ಮನುಷ್ಯ ಹೇಗೆ ನೋಡಿದ? ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅದು ಹಿತ್ತಲಿಗೆ ತೆರೆಯುತ್ತದೆ.

ಮಾವ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ. ಕೇಳಿಯೇ ಬಿಟ್ಟೆ:

“ಮಾವಾ, ಅಂಗಡಿಗೆ ಹೋಗ್ತೀನಂತ ಹೊರಗ ಬಿದ್ದು, ಎಷ್ಟು ದಿನ ನಿಂತಿದ್ದಿ ನೀನು, ಹಿತ್ತಲ ಕಿಟಕಿ ಹತ್ರ?”