ಬನ್ನಿಗೆ ಮೊದಲೇ ಎದ್ದ ರಿವಾಲ್ವರು

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು. ಇಲ್ಲದಿದ್ದರೆ ಅವನ ಹೆಂಡತಿ ಬಾವಿಕಟ್ಟೆಯಲ್ಲಿ ನಾಲ್ಕು ಜನರ ನಡುವೆ ನಿಂತು ಏನೆಂದು ಮಾತಾಡಬೇಕು? ಕೆಲವರಿಗೆ ಇಸ್ಪೀಟು, ಕೆಲವರಿಗೆ ಟಗರಿನ ಕಾಳಗ. ಕೊಪ್ಪಳದ ಕಚೇರಿಯಲ್ಲಿ ನನ್ನ ಜೊತೆ ವಕೀಲಿ ಮಾಡುತ್ತಿದ್ದ ಒಬ್ಬರಿಗೆ ಅತ್ತರಿನ ಹುಚ್ಚು. ಅವರು ವಾದಕ್ಕೆ ಎದ್ದರೆ ಸಾಕು, ಮುನಸೀಫರು ಸೀನಲು ಶುರು ಮಾಡುತ್ತಿದ್ದರು. ನನಗೆ ಹಿಡಿದದ್ದು ರಿವಾಲ್ವರಿನ ಹುಚ್ಚು. ಇರುವೆ ಸಾಲು ಕಂಡರೆ ದಾಟಿ ಹೋಗುವ, ಹಲ್ಲಿ ಲೊಚಗುಟ್ಟಿದರೆ ಶಿವಶಿವಾ ಎನ್ನುವ ನನ್ನಂಥವನಿಗೆ ಅದು ಯಾಕೆ ಹಿಡಿಯಿತೋ ಆ ಶಿವನಿಗೇ ಗೊತ್ತು. ಆದರೆ ಆ ಹುಚ್ಚಿನಿಂದಾಗಿ ನಮ್ಮ ಮನೆಯಲ್ಲಿ ನನ್ನ ಬಗ್ಗೆಯೇ ಒಂದು ಅನುಮಾನ ಉಳಿದುಬಿಟ್ಟಿದೆ. ಅದು ಎಂಥ ಅನುಮಾನ ಎಂಬುದನ್ನು ನೀವು ನಗುವುದಿಲ್ಲ ಎಂದರೆ ಹೇಳುತ್ತೇನೆ. ನಕ್ಕರೂ ಹೇಳುತ್ತೇನೆ ಬಿಡಿ, ಹೇಳದೆ ನನಗೂ ಇರಲಾಗದು.

ಆಗ ನಿಜಾಮರ ಆಳ್ವಿಕೆ. ರಿವಾಲ್ವರು ಬೇಕೆಂದರೆ ಪರವಾನಿಗಿ ಬೇಕು, ಪರವಾನಿಗಿ ಬೇಕೆಂದರೆ ಕಾರಣ ಬೇಕು. ಕಚೇರಿಯ ಪೇಷಕಾರರು ಲೇಖನಿ ಅದ್ದಿಕೊಂಡು, "ವಕೀಲಸಾಹೇಬ್ರ, ನಿಮಗ ದುಶ್ಮನ್ ಯಾರರ ಅದಾರೇನ್ರಿ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. "ಹೊಲದ ತಕರಾರು?" ಅದೂ ಇಲ್ಲ. "ಹುಲಿ, ಚಿರತಿ?" ಮನೆಯಲ್ಲಿ ಒಂದು ಬೆಕ್ಕಿದೆ ಎಂದೆ. ಈ ವಯಸ್ಸಿಗೂ ಒಬ್ಬ ದುಶ್ಮನ್‌ನನ್ನು ಸಂಪಾದಿಸದ ನನ್ನನ್ನು ಅವರು ಬಹಳ ಕನಿಕರದಿಂದ ನೋಡಿದರು. "ಚಿರತಿ ಕಾಟ ಅಂತ ಬರಕೊಂತೀನಿ ಬಿಡ್ರಿ" ಎಂದು ತಾವೇ ದಾರಿ ತೋರಿಸಿದರು. ಹೀಗೆ ಚಿರತೆಯ ಕೃಪೆಯಿಂದ ಪರವಾನಿಗಿ ಬಂತು. ಮೊಕದ್ದಮೆಗೆಂದು ಹೈದರಾಬಾದಿಗೆ ಹೋದವನು ಸಿಕಂದರಾಬಾದಿನ ಒಂದು ಅಂಗಡಿಗೆ ನುಗ್ಗಿದೆ. ಮೆಹಂದಿ ಹಚ್ಚಿದ ಗಡ್ಡದ ಮುದುಕ ಅಂಗಡಿಯವ ಎಣ್ಣೆ ಕಾಗದ ಬಿಡಿಸಿ ಹೊಚ್ಚ ಹೊಸ ರಿವಾಲ್ವರನ್ನು ನನ್ನ ಅಂಗೈ ಮೇಲೆ ಇಟ್ಟ. ಆಹಾ, ಅದರ ತೂಕ! ಅದರ ತಂಪು! ಮುದುಕ ನನ್ನ ಮುಖ ನೋಡಿ ಉರ್ದುವಿನಲ್ಲಿ ಮೆಲ್ಲಗೆ ಹೇಳಿದ, ಇದು ಹೋದ ಮನೆಯಲ್ಲಿ ಒಬ್ಬರು ಹೆಚ್ಚಾದ ಹಾಗೆ ಅನಿಸುತ್ತದೆ ಸಾಹೇಬ್ ಎಂದು. ಮಾಲಿನ ಹೊಗಳಿಕೆ ಎಂದುಕೊಂಡು ತಲೆಯಾಡಿಸಿದೆ.

ಹೊಗಳಿಕೆಯಲ್ಲ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಕೋಣೆಯಲ್ಲಿ ಕುಳಿತು ದಾವೆಯ ಕಾಗದ ಓದುತ್ತಿದ್ದರೆ ಬೆನ್ನ ಹಿಂದೆ ಯಾರೋ ಕುಳಿತು ತಾವೂ ಓದುತ್ತಿದ್ದಾರೆ ಎನಿಸುವುದು. ತಿರುಗಿದರೆ ಟ್ರಂಕು, ಟ್ರಂಕಿನೊಳಗೆ ಅದು. ನನ್ನ ಹೆಂಡತಿ ಗೌರಮ್ಮ ಆ ಕೋಣೆಗೆ ಚಹಾ ತರುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಶುರು ಮಾಡಿದಳು. ಕೋಣೆಯಲ್ಲಿ ನಾನೊಬ್ಬನೇ, ನನ್ನ ಮುಂದೆ ಅವಳು ಸೆರಗು ಹೊದ್ದದ್ದು ಮದುವೆಯ ಹೊಸತರಲ್ಲಿ ಮಾತ್ರ. ಯಾಕೆ ಎಂದು ಕೇಳಿದರೆ, "ಯಾರೋ ಹಿರೇರು ಕುಂತಂಗ ಅನಸ್ತೈತ್ರಿ" ಎಂದಳು. ನಾನು ನಕ್ಕೆ. ನಕ್ಕು ಕುರ್ಚಿಯನ್ನು ಗೋಡೆಗೆ ಆನಿಸಿ ಹಾಕಿಕೊಂಡೆ, ಬೆನ್ನ ಹಿಂದೆ ಜಾಗವೇ ಉಳಿಯದ ಹಾಗೆ.

ದಿನಾ ಅದಕ್ಕೆ ಎಣ್ಣೆ ಒರೆಸುವುದು, ಗುಂಡು ಹಾಕದೆ ಗೋಡೆಯ ಗಡಿಯಾರಕ್ಕೆ ಗುರಿಯಿಟ್ಟು ಟಕ್ ಎನಿಸುವುದು, ಇದು ನನ್ನ ಸಂಜೆಯ ಶೋಕಿ. ಒಂದು ಸಂಜೆ ಟಕ್ ಎನಿಸಿದೆ; ಗಡಿಯಾರದ ಟಿಕ್ ಟಿಕ್ ನಿಂತುಹೋಯಿತು. ಅದು ಮಾವನವರು ಮದುವೆಯಲ್ಲಿ ಕೊಟ್ಟ ಗಡಿಯಾರ, ಒಂದು ದಿನವೂ ನಿಂತದ್ದಲ್ಲ. ರಿಪೇರಿಗೆ ಕೊಡೋಣ ಎಂದರೆ ಗೌರಮ್ಮ ಒಪ್ಪಲಿಲ್ಲ. "ಸತ್ತದ್ದನ್ನ ಎಬ್ಬಿಸಿ ಮನಿಯಾಗ ಇಟ್ಕೋಬಾರದ್ರಿ" ಎಂದು ಇಳಿಸಿ ಅಟ್ಟಕ್ಕೆ ಹಾಕಿದಳು. ನನಗೂ ಒಳಗೊಳಗೇ ಮೈ ಜುಮ್ಮೆಂದಿತು. ಆದರೆ ಜಂಬ ಕೇಳಬೇಕಲ್ಲ! ಗುಂಡಿಲ್ಲದೆ ಗಡಿಯಾರ ನಿಲ್ಲಿಸಿದವನು ಗುಂಡು ಹಾಕಿದರೆ ಏನು ಮಾಡಲಿಕ್ಕಿಲ್ಲ ಎಂದುಕೊಂಡೆ. ಅಂದಿನಿಂದ ನಾನು ದೊಡ್ಡ ಗುರಿಕಾರ. ಒಂದೂ ಗುಂಡು ಹಾರಿಸಿರಲಿಲ್ಲ, ಅದು ಬೇರೆ ಮಾತು.

ಆ ವರ್ಷ ಮಹಾನವಮಿಗೆ ಗೌರಮ್ಮನ ತವರಿಗೆ ಹೋದೆವು. ಗಂಗಾವತಿ ಸೀಮೆಯಲ್ಲಿ, ಮೋರ್ಯರ ಗುಡ್ಡದ ಬುಡಕ್ಕಿರುವ ಹಳ್ಳಿ. ತವರೆಂದರೆ ಈಗ ಅವಳ ತಮ್ಮ ಸಂಗಪ್ಪ ಒಬ್ಬನೇ. ತಾಯಿ ತೀರಿಕೊಂಡಾಗ ಅವನು ತೊಟ್ಟಿಲಲ್ಲಿದ್ದ. ಎತ್ತಿ ಆಡಿಸಿ ತುತ್ತು ಉಣಿಸಿ ಬೆಳೆಸಿದವಳು ಇವಳು. ಅವನ ಕಾಲಿಗೆ ಮುಳ್ಳು ಚುಚ್ಚಿದರೆ ಇವಳಿಗೆ ಕೊಪ್ಪಳದಲ್ಲಿ ಊಟ ಸೇರುವುದಿಲ್ಲ. ಅವನಾದರೋ ಕಂಬದಂಥ ಆಳು, ಜೋಳದ ಚೀಲವನ್ನು ಕೂಸಿನ ಹಾಗೆ ಎತ್ತುತ್ತಾನೆ. ಒಂದೇ ಕೊರತೆ, ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬಂದು ಬಿದ್ದುಬಿಡುತ್ತಾನೆ.

ನಮ್ಮ ಕಡೆ ನವಮಿಯ ದಿನ ಖಂಡೇಪೂಜೆ. ಕುಡಗೋಲು, ಕೊಡಲಿ, ನೇಗಿಲ ಕುಡ, ಅಡುಗೆಮನೆಯ ಈಳಿಗೆಮಣೆ, ಮನೆಯಲ್ಲಿರುವ ಕಬ್ಬಿಣವೆಲ್ಲ ದೇವರ ಜಗುಲಿಯ ಮುಂದೆ ಮಲಗುತ್ತದೆ. ಕುಂಕುಮ, ಭಂಡಾರದ ಅರಿಸಿನ ಹಾಕಿ ಪೂಜೆ ಮಾಡಿದ ಮೇಲೆ ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಂಡು, ಬನ್ನಿ ಎಲೆಯನ್ನು ಆಯುಧಗಳಿಗೂ ಮುಡಿಸುವ ತನಕ ಅವು ನಿದ್ದೆಯಲ್ಲಿರುತ್ತವೆ, ಯಾರೂ ಮುಟ್ಟುವ ಹಾಗಿಲ್ಲ. ಅಂದು ಬದನೆಕಾಯಿಯನ್ನೂ ಕೈಯಲ್ಲೇ ಮುರಿದು ಹಾಕುತ್ತಾರೆ. ಗೌರಮ್ಮ ರಿವಾಲ್ವರನ್ನು ಎಲ್ಲದರ ನಡುವೆ ಮಲಗಿಸಿ, ಭಕ್ತಿ ಕಾಲುಭಾಗ ಭಯ ಮುಕ್ಕಾಲು ಭಾಗ ಸೇರಿಸಿ ಕುಂಕುಮವನ್ನು ಮುಷ್ಟಿಯಲ್ಲೇ ಸುರಿದಳು. ಕುಡಗೋಲಿಗೆ ಒಂದು ಬೊಟ್ಟು, ಇದಕ್ಕೆ ಮೈತುಂಬ. "ಶಾಂತ ಆಗಪ್ಪಾ" ಎಂದು ಕೈಮುಗಿದದ್ದನ್ನೂ ನಾನು ಕೇಳಿದೆ.

ಗುಡ್ಡದ ಬಗ್ಗೆ ಹೇಳಲೇಬೇಕು. ಅದರ ನೆತ್ತಿಯ ಮೇಲೆ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಸಣ್ಣ ಸಣ್ಣ ಮನೆಗಳಿವೆ, ಒಂದು ಊರಿಗಾಗುವಷ್ಟು. ಎದೆಮಟ್ಟದ ಎತ್ತರ, ಬಾಗಿಲಿಲ್ಲ, ಎದುರು ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ. ಮೋರ್ಯರೆಂಬ ಗಿಡ್ಡ ಜನ ಅಲ್ಲಿದ್ದರಂತೆ; ಆಕಾಶದಿಂದ ಬೆಂಕಿಯ ಮಳೆ ಬರುವುದು ಗೊತ್ತಾಗಿ ಒಳಗೆ ಹೊಕ್ಕರಂತೆ; ಹೊಕ್ಕವರು ಹೊರಗೆ ಬರಲಿಲ್ಲವಂತೆ. ಪಕ್ಕದ ಬಂಡೆಯ ಮೇಲೆ ನಗಾರಿಯ ಆಕಾರದ ಒಂದು ದೊಡ್ಡ ಕಲ್ಲು ಕೂತಿದೆ. ಬಡಿದರೆ ನಗಾರಿಯಂತೆಯೇ ನುಡಿಯುತ್ತದೆ, ಊರಿಗೆಲ್ಲ ಕೇಳಿಸುತ್ತದೆ. ನಾನು ಅಳಿಯನಾಗಿ ಬಂದ ವರ್ಷವೇ ಗೌರಮ್ಮ ಎಚ್ಚರಿಸಿದ್ದಳು: "ದನಕಾಯವ್ರು ಬಡೀತಾರ, ಅದಕ್ಕೇನೂ ಆಗೂದಿಲ್ರಿ. ಆದ್ರ ಅದು ತಾನಾಗಿ ಬಡಕೊಂಡ್ರ, ಮ್ಯಾಲ ಹೋದವ್ರಾಗ ಒಬ್ಬಾವ ಕಡಿಮಿ ಬರ್ತಾನ." ಈ ಸಲವೂ ಹೇಳಿದಳು. ಅದರ ಹಿಂದೆಯೇ, "ಎಲ್ಲೆರ ಹೋಗ್ರಿ, ನನ್ನ ತಮ್ಮನ್ನ ಮಾತ್ರ ಗುಡ್ಡಕ್ಕ ಕರಕೊಂಡು ಹೋಗಬ್ಯಾಡ್ರಿ. ಇರಾವ ಒಬ್ಬನ" ಎಂದಳು. ನಾನು ಹೂಂ ಎಂದೆ. ಹೂಂ ಎನ್ನುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ದುಂಡನೆಯ ಕಿಂಡಿ. ಗುರಿಯಿಡಲೆಂದೇ ಯಾರೋ ಕೊರೆದಿಟ್ಟಂತಿದೆ, ಬಿಡುವುದು ಹೇಗೆ?

ದಶಮಿಯ ಮಟಮಟ ಮಧ್ಯಾಹ್ನ. ಗೌರಮ್ಮ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಸಂಜೆಗೆ ಬನ್ನಿ, ಮರುದಿನ ನಸುಕಿಗೆ ಊರಿಗೆ ಹೊರಡಬೇಕು. ಈಗ ಬಿಟ್ಟರೆ ಇನ್ನೊಂದು ವರ್ಷ. ಜಗುಲಿಯ ಮುಂದಿನಿಂದ ರಿವಾಲ್ವರನ್ನು ಮೆಲ್ಲಗೆ ಎತ್ತಿ ಟವೆಲಿನಲ್ಲಿ ಸುತ್ತಿದೆ. ದಿನಾ ಒರೆಸುವ ಕೈ ಒರೆಸಲು ಹೋಯಿತು, ತಡೆದೆ. ಕುಂಕುಮ ಅಳಿಸಿದರೆ ವಾಪಸ್ಸು ಇಟ್ಟಾಗ ಗೌರಮ್ಮನಿಗೆ ಗೊತ್ತಾಗುತ್ತದೆ. ಹೇಗೆ ಮಲಗಿತ್ತೋ ಹಾಗೇ ಇರಲಿ ಎಂದು ಚಕ್ರದ ಹಿಂಬದಿಯಿಂದ ಗುಂಡು ತುಂಬಿಕೊಂಡೆ. ಒಬ್ಬನೇ ಹೋಗುವ ಧೈರ್ಯ ನನಗೆಲ್ಲಿಯದು? ಸಂಗಪ್ಪನನ್ನು ಕರೆದೆ.

ಗುಡ್ಡ ಹತ್ತುವ ತನಕ ಇಬ್ಬರೂ ಹರಟಿದೆವು. ಮೇಲೆ ಹೋದಮೇಲೆ ಮಾತು ತಾನಾಗಿ ನಿಂತಿತು. ಬಿಸಿಲಿಗೆ ಬಂಡೆ ಸುಡುತ್ತಿತ್ತು, ಗಾಳಿಯಿಲ್ಲ, ಒಂದು ಹಕ್ಕಿಯ ಕೂಗಿಲ್ಲ. ಆ ಮನೆಗಳ ಕಿಂಡಿಗಳೆಲ್ಲ ನಮ್ಮ ಕಡೆಗೇ ತಿರುಗಿದಂತಿದ್ದವು. ಒಂದರ ಹತ್ತಿರ ಹೋಗಿ ಬಗ್ಗಿದೆ. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ಯಾರೋ ಉಸಿರು ಬಿಟ್ಟ ಹಾಗೆ. ತಟ್ಟನೆ ಹಿಂದೆ ಸರಿದೆ. ಸಂಗಪ್ಪ ನನ್ನ ಹೆಗಲಿಗೆ ಹತ್ತಿಕೊಂಡೇ ನಿಂತಿದ್ದ. "ಮಾಮಾರ, ಬ್ಯಾಡ್ರಿ. ಇದಿನ್ನಾ ಎದ್ದಿಲ್ರಿ. ಬನ್ನಿ ಮುಡಿಸಿಲ್ಲ" ಎಂದು ಪಿಸುಗುಟ್ಟಿದ. "ಈಗ ಏಳತೈತಿ ನೋಡು" ಎಂದು ನಾನೂ ಪಿಸುಗುಟ್ಟಿದೆ. ಕಿಂಡಿಗೆ ಗುರಿಯಿಟ್ಟೆ. ಕೈ ನಡುಗಲಿಲ್ಲ ಎಂದು ನಾನು ಇಂದಿಗೂ ಹೇಳುತ್ತೇನೆ. ಕಣ್ಣು ಮುಚ್ಚಿದ್ದೆ, ಅಷ್ಟೇ. ಒತ್ತಿದೆ.

ಕಿವಿ ಗುಂಯ್‌ಗುಟ್ಟಿತು. ಅದರ ಬೆನ್ನಿಗೇ ಢಂ ಎಂದು ಇನ್ನೊಂದು ಸದ್ದು, ಗಂಭೀರವಾದ, ಉದ್ದನೆಯ ಸದ್ದು. ಕಾಲ ಕೆಳಗಿನ ಬಂಡೆ ಅದುರಿತು. ನಗಾರಿ! ಕಣ್ಣು ಬಿಟ್ಟು ಅತ್ತ ನೋಡಿದೆ. ಬಂಡೆಯ ಮೇಲೆ ಯಾರೂ ಇಲ್ಲ. ಕಲ್ಲು ತನ್ನ ಪಾಡಿಗೆ ಬಿಸಿಲಲ್ಲಿ ಕೂತಿದೆ. ಇತ್ತ ಹೆಗಲ ಪಕ್ಕ ನೋಡಿದೆ, ಸಂಗಪ್ಪನಿಲ್ಲ. ಅವನು ಬಂಡೆಯ ಮೇಲೆ ಅಂಗಾತ ಬಿದ್ದಿದ್ದ. ಬಿಳಿಯ ಅಂಗಿಯ ಎದೆಯೆಲ್ಲ ಕೆಂಪು.

ಒಬ್ಬಾವ ಕಡಿಮಿ ಬರ್ತಾನ. ಕಿಂಡಿಗೆ ಗುರಿಯಿಟ್ಟವನು ಪಕ್ಕದಲ್ಲಿದ್ದವನನ್ನು ಕೊಂದೆನಲ್ಲ! ಹೋಳಿಗೆ ಮಾಡುತ್ತ ಕೂತವಳಿಗೆ ಯಾವ ಬಾಯಲ್ಲಿ ಹೇಳಲಿ? ನೇಣಿನ ನೆನಪು ಆಮೇಲೆ ಬಂತು; ಮೊದಲು ಬಂದದ್ದು ಅವಳ ಮುಖ. "ಸಂಗಪ್ಪಾ, ಏ ಸಂಗ್ಯಾ" ಎಂದು ಅವನ ಎದೆಯ ಮೇಲೆ ಬಿದ್ದು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹೋ ಎಂದು ಅತ್ತೆ. ಅಳುತ್ತ ಅಳುತ್ತ ಮೂಗಿಗೊಂದು ವಾಸನೆ ಬಂತು. ದೇವರ ಮನೆಯ ವಾಸನೆ. ಕೈ ನೋಡಿಕೊಂಡೆ, ಒಣ ಪುಡಿ. ಅಷ್ಟರಲ್ಲಿ ಹೆಣ ಜೋರಾಗಿ ಸೀನಿತು.

ಕುಂಕುಮ! ರಿವಾಲ್ವರಿನಲ್ಲಿ ಗುಂಡು ತುಂಬುವ ಚಕ್ರಕ್ಕೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಹೊಡೆದಾಗ ಮದ್ದಿನ ಗಾಳಿ ಅದರಿಂದ ಪಕ್ಕಕ್ಕೂ ನುಗ್ಗುತ್ತದೆ. ಗೌರಮ್ಮ ಮುಷ್ಟಿಗಟ್ಟಲೆ ಸುರಿದದ್ದು ನೇರವಾಗಿ ಅವಳ ತಮ್ಮನ ಎದೆಗೆ ಹೋಗಿತ್ತು. ಅವನು ಎದೆ ನೋಡಿಕೊಂಡ, ರಕ್ತವೆಂದು ಬಿದ್ದ. ಎದ್ದು ಕುಳಿತು ಮೊದಲು ಕೇಳಿದ್ದು, "ಮಾಮಾರ, ನಾ ಸತ್ತೀನೇನ್ರಿ?" ಇಲ್ಲ ಎಂದೆ. "ಮತ್ತ ನಗಾರಿ?" ನಾನು ಎದ್ದೆ. ಕಿಂಡಿಯೊಳಗೆ ಇಣುಕಿದೆ, ಗುಂಡು ತಾಕಿದ ಗುರುತು ಕಾಣಲಿಲ್ಲ. ನಗಾರಿಯ ಹತ್ತಿರ ಹೋಗಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಳಿದೆವು. ಅಂಗಳದಲ್ಲಿ ಮಲಗಿದ್ದ ನಾಯಿ ನಾನು ಬಂದರೆ ಯಾವಾಗಲೂ ಬಾಲ ಅಲ್ಲಾಡಿಸುತ್ತಿತ್ತು. ಅಂದು ಎದ್ದು ದೂರ ಹೋಗಿ ಕುಳಿತು ನನ್ನನ್ನೇ ನೋಡಿತು. ಮದ್ದಿನ ವಾಸನೆಗೆ ಇರಬೇಕು.

ನಗಾರಿಯ ಸದ್ದು ಊರಿಗೆಲ್ಲ ಕೇಳಿಸಿತ್ತು. ಗೌರಮ್ಮ ಹೂರಣದ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ತಮ್ಮನ ಕೆಂಪು ಅಂಗಿ ನೋಡಿ ಓಡಿಬಂದು ಎದೆ ಸವರಿದಳು. ಕುಂಕುಮವೆಂದು ತಿಳಿದದ್ದೇ ಅವನ ಕೆನ್ನೆಗೊಂದು ಕೊಟ್ಟಳು, ತಬ್ಬಿಕೊಂಡು ಅತ್ತಳು. ಅವನು ಅಕ್ಕನ ಮುಂದೆ ಎಲ್ಲವನ್ನೂ ಕಕ್ಕಿಬಿಟ್ಟ. ಬನ್ನಿ ಮುಗಿದು ಊಟಕ್ಕೆ ಕುಳಿತಾಗ ಅವಳು ಹೋಳಿಗೆಗೆ ತುಪ್ಪ ಬಡಿಸುತ್ತ ಬಹಳ ಮೆತ್ತಗೆ ಕೇಳಿದಳು.

"ನಗಾರಿ ತಾನಾಗಿ ಬಡಕೊಂತೇನ್ರಿ?"

"ಮತ್ತೇನು? ಅಲ್ಲಿ ಯಾರೂ ಇರಲಿಲ್ಲ."

"ನಿಮ್ಮ ಗುಂಡು ಎಲ್ಲಿ ಹೋತು?"

"ನೆಟ್ಟಗ ಕಿಂಡಿಯಾಗ ಹೋತು. ನನ್ನ ಗುರಿ ಏನಂತ ತಿಳದೀ?"

ಅವಳು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. "ತಾನಾಗಿ ಬಡಕೊಂಡಿದ್ರ ಒಬ್ಬಾವ ಕಡಿಮಿ ಬರಬೇಕಿತ್ತು. ಇಬ್ಬರೂ ಬಂದೀರಿ. ಅಂದಮ್ಯಾಲ ನಿಮ್ಮ ಗುಂಡ ನಗಾರಿಗೆ ಬಡದೈತಿ. ಕಿಂಡಿ ಎಲ್ಲಿ, ನಗಾರಿ ಎಲ್ಲಿ!" ಎಂದಳು. ಸಂಗಪ್ಪ ಹೋಳಿಗೆಯನ್ನು ಗಂಟಲಲ್ಲೇ ಇಟ್ಟುಕೊಂಡು ನಕ್ಕ. ನಾನು ವಕೀಲ, ಇಂಥ ಪಾಟೀಸವಾಲನ್ನು ಕಚೇರಿಯಲ್ಲಿ ಯಾರಿಂದಲೂ ಕಂಡವನಲ್ಲ. ಮೀಸೆ ಮಣ್ಣಾಯಿತೆಂದು ಸಿಟ್ಟು ಬಂತು. "ಇಲ್ಲ! ನನ್ನ ಗುಂಡು ಕಿಂಡಿಯಾಗ ಹೋಗೈತಿ" ಎಂದು ತಾಟು ಕುಟ್ಟಿ ಹೇಳಿದೆ.

ಗೌರಮ್ಮನ ಕೈಯ ತುಪ್ಪದ ಗಿಂಡಿ ಅಲ್ಲೇ ನಿಂತಿತು. "ಹಂಗಾದ್ರ ಬಂದ ಇಬ್ಬರಾಗ ಒಬ್ಬಾವ..." ಎಂದಳು. ತಮ್ಮನ ಕಡೆ ನೋಡಿದಳು; ಅವನು ಉಣ್ಣುತ್ತಿದ್ದ, ಸೀನುತ್ತಿದ್ದ. ಆಮೇಲೆ ನನ್ನನ್ನು ನೋಡಿದಳು. ಮುಖ ನೋಡಿ, ನಿಧಾನವಾಗಿ ನನ್ನ ಪಾದ ನೋಡಿದಳು. ದೆವ್ವದ ಪಾದಗಳು ಹಿಂದುಮುಂದಾಗಿರುತ್ತವೆ ಎಂಬುದು ನಿಮಗೂ ಗೊತ್ತು. ನಾನು ಕಾಲನ್ನು ಧೋತರದೊಳಗೆ ಎಳೆದುಕೊಂಡೆ. ಯಾಕೆ ಎಳೆದುಕೊಂಡೆನೋ ನನಗೇ ತಿಳಿಯದು, ಹಾಗೆ ಮಾಡಬಾರದಿತ್ತು.

ಈಗಲೂ ರಿವಾಲ್ವರು ಟ್ರಂಕಿನಲ್ಲಿದೆ. ಅದರ ಮುಂದೆ ಗೌರಮ್ಮ ಸೆರಗು ಹೊದೆಯುವುದನ್ನು ಬಿಟ್ಟಿದ್ದಾಳೆ. ನಾನಿಲ್ಲದಾಗ ಆ ಕೋಣೆಯಲ್ಲಿ ಹಾಡಿಕೊಂಡು ಕಸ ಗುಡಿಸುತ್ತಾಳೆ. ನಾನು ಒಳಗೆ ಬಂದರೆ ಸೆರಗು ತಲೆಗೇರುತ್ತದೆ, ಕಣ್ಣು ನನ್ನ ಕಾಲಿಗೆ ಇಳಿಯುತ್ತದೆ. ಅಂದು ನನ್ನ ಗುರಿ ತಪ್ಪಿತ್ತು ಎಂದು ಅವಳಿಗೆ ಒಂದು ಮಾತು ಹೇಳಿದರೆ ಸಾಕು, ನಾನು ಆ ಕ್ಷಣವೇ ಮತ್ತೆ ಅವಳ ಗಂಡನಾಗುತ್ತೇನೆ. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂದಿದೆ. ಆದರೆ ಗುರಿಕಾರನೆಂಬ ಹೆಸರು ಬಿಡಲು ಮನಸ್ಸು ಬರುವುದಿಲ್ಲ. ಸ್ನಾನಕ್ಕೆ ಕುಳಿತಾಗ ಬಾಗಿಲು ಹಾಕಿಕೊಂಡು ಒಮ್ಮೆ ಪಾದ ನೋಡಿಕೊಳ್ಳುತ್ತೇನೆ. ಹೆಬ್ಬೆರಳುಗಳು ಇನ್ನೂ ಮುಂದೆಯೇ ಇವೆ. ಹಿಂದಕ್ಕೆ ತಿರುಗಿದ ದಿನ ಒಪ್ಪಿಕೊಂಡರಾಯಿತು ಎಂದು ತಲೆಗೆ ನೀರು ಹೊಯ್ದುಕೊಳ್ಳುತ್ತೇನೆ.