ದ್ರಾಕ್ಷಾರಿಷ್ಟ ಮತ್ತು ಊದುವ ಯಂತ್ರ

ಗಂಡನಿಗೆ ಗೊತ್ತಿಲ್ಲದ ಒಂದು ವಿಷಯ ಹೆಂಡತಿಗೆ ಗೊತ್ತಿದ್ದರೆ ಆಕೆಯ ಗತ್ತೇ ಬೇರೆ. ನನಗೆ ಆ ಗತ್ತು ಬಂದದ್ದು ಕುಡಿದು ಗಾಡಿ ಓಡಿಸುವವರ ಕಾನೂನಿನಿಂದ. ನಮ್ಮ ಮನೆಯಲ್ಲಿ ಕುಡಿಯುವುದೆಂದರೆ ಕಾಫಿ, ನಿಜ. ಆದರೆ ಮಗಳು ವಸುಧಾ ಹೊಸದಾಗಿ ವಕೀಲಿ ಶುರುಮಾಡಿದ್ದಾಳೆ. ವಾದದ ಅಭ್ಯಾಸಕ್ಕೆ ಅವಳಿಗೆ ಸಿಗುವ ನ್ಯಾಯಾಧೀಶೆ, ಅವರೆಕಾಳು ಹಿತುಕುತ್ತಾ ಕೂತ ನಾನೇ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿಬಿಟ್ಟಿತು: ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯಾಂಶ ಮೂವತ್ತು ಮಿಲಿಗ್ರಾಂ ಮೀರಿದರೆ ಕಲಂ ನೂರ ಎಂಬತ್ತೈದು, ಸಿಕ್ಕಿಬಿದ್ದವನು ಬರೀ ಆರೋಪಿ, ಕೋರ್ಟು ಹೇಳಿದ ಮೇಲೆ ಅಪರಾಧಿ. “ಇದೆಲ್ಲ ನಿನಗ್ಯಾಕೆ? ಸಾರಿಗೆ ಒಗ್ಗರಣೆ ಹಾಕು” ಎನ್ನುತ್ತಿದ್ದರು ನಮ್ಮವರು.

ಮೊನ್ನೆ ಶನಿವಾರ ಸಂಜೆ ಅವರ ಸ್ಕೂಟರಿನಲ್ಲಿ ಚಾಮರಾಜಪೇಟೆಯಿಂದ ಗವಿಪುರಕ್ಕೆ ಭಜನೆಗೆ ಹೊರಟೆವು. ಭಜನಾ ಮಂಡಳಿಗೆ ಅವರೇ ಅಧ್ಯಕ್ಷರು. ಗಂಟಲು ಕೆರೆಯುತ್ತಿದೆಯೆಂದು ಹೊರಡುವಾಗ ದ್ರಾಕ್ಷಾರಿಷ್ಟ ಕುಡಿದಿದ್ದರು. ಬೀದಿಯ ಕೊನೆ ದಾಟುತ್ತಲೇ ಪೊಲೀಸರು ಕೈ ಅಡ್ಡ ಹಿಡಿದರು.

“ಊದಿ ಸಾರ್.”

ಇವರು ನಗುನಗುತ್ತಾ ಊದಿದರು. ಯಂತ್ರ ಕಿರುಚಿಕೊಂಡಿತು.

“ಏನ್ ಸಾರ್, ಈ ವಯಸ್ಸಲ್ಲಿ?” ಎಂದರು ಸಬ್ ಇನ್‌ಸ್ಪೆಕ್ಟರು.

“ಅಯ್ಯೋ, ನಾನು ಭಜನೆಗೆ ಹೋಗ್ತಿದೀನಿ ಸ್ವಾಮಿ!”

“ಎಲ್ರೂ ಹಿಂಗೇ ಹೇಳೋದು.”

ಅಷ್ಟರಲ್ಲಿ ಅದೇ ಭಜನೆಗೆ ಹೊರಟಿದ್ದ ತಾಳದ ಶಾಮಣ್ಣ ಆಟೋದಿಂದ ಕತ್ತು ಹೊರಹಾಕಿ ನೋಡಿದ. ನಾವು ಗವಿಪುರ ಮುಟ್ಟುವ ಮೊದಲೇ ಸುದ್ದಿ ಮುಟ್ಟುವುದು ಖಾತ್ರಿ. ಇವರ ಮುಖ ಬಿಳಿಚಿಕೊಂಡಿತು. ನಾನು ಸ್ಕೂಟರಿನಿಂದ ಇಳಿದು ಸೆರಗು ಸರಿಮಾಡಿಕೊಂಡೆ.

“ಸಾರ್, ಇವ್ರು ಈಗಷ್ಟೇ ದ್ರಾಕ್ಷಾರಿಷ್ಟ ಕುಡಿದಿದಾರೆ. ಅದು ಹುದುಗಿಸಿದ ಔಷಧಿ, ಸ್ವಲ್ಪ ಮದ್ಯಾಂಶ ಇರುತ್ತೆ. ನಿಮ್ಮ ಯಂತ್ರ ಹಿಡಿದಿರೋದು ಬಾಯಲ್ಲಿ ಉಳಿದಿರೋದನ್ನ, ರಕ್ತದಲ್ಲಿರೋದನ್ನಲ್ಲ. ಬಾಯಿ ಮುಕ್ಕಳಿಸಲಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ಊದ್ಸಿ. ಆಗ್ಲೂ ಬಂದ್ರೆ ಆಸ್ಪತ್ರೆಗೆ ಕರ್ಕೊಂಡೋಗಿ ರಕ್ತ ಪರೀಕ್ಷೆ ಮಾಡ್ಸಿ, ನಾನೂ ಬರ್ತೀನಿ.”

ಸಬ್ ಇನ್‌ಸ್ಪೆಕ್ಟರು ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ನೀರಿನ ಬಾಟಲಿ ಕೊಡಿಸಿದರು. ಇವರು ಮುಕ್ಕಳಿಸಿ, ಫುಟ್‌ಪಾತಿನ ಅಂಚಿನಲ್ಲಿ ಕೂತು ಪಿಸುಗುಟ್ಟಿದರು: “ಲೇ, ನಾನು ನಿಜವಾಗ್ಲೂ ಕುಡಿದಿಲ್ಲ ತಾನೇ?”

“ಸುಮ್ನಿರಿ. ಈಗ ನೀವು ಆರೋಪಿ ಕೂಡ ಅಲ್ಲ” ಎಂದೆ.

ಎರಡನೇ ಸಲ ಊದಿದಾಗ ಯಂತ್ರ ಸೊನ್ನೆ ತೋರಿಸಿತು. “ಮೇಡಂ, ನೀವು ಲಾಯರಾ?” ಎಂದು ಸಬ್ ಇನ್‌ಸ್ಪೆಕ್ಟರು ಕೇಳಿದರು.

“ಅಲ್ಲ, ಲಾಯರಿನ ಅಮ್ಮ.”

ಮದುವೆಯ ದಿನವೂ ಇವರು ನನ್ನನ್ನು ಅಷ್ಟು ಮೆಚ್ಚಿ ನೋಡಿರಲಿಲ್ಲ. ವಸುಧಾ ಅಲ್ಲಿರಬೇಕಿತ್ತು ಅನ್ನಿಸಿತು. ಸುತ್ತ ನಿಂತವರಿಗೆಲ್ಲ ಕಾಣುವಂತೆ, ನಿಧಾನವಾಗಿ, ರಾಣಿಯ ಹಾಗೆ ಸ್ಕೂಟರು ಹತ್ತಿ ಕೂತೆ.

“ಒಂದ್ನಿಮಿಷ ಮೇಡಂ,” ಎಂದರು ಸಬ್ ಇನ್‌ಸ್ಪೆಕ್ಟರು, ತುಂಬ ಗೌರವದಿಂದ. “ನಿಮ್ಮ ಹೆಲ್ಮೆಟ್ ಎಲ್ಲಿ?”

ಮುಡಿದ ಮಲ್ಲಿಗೆ ನಲುಗುತ್ತದೆಂದು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅದು ಯಾವ ಕಲಂ ಎಂದು ನನಗೆ ಗೊತ್ತಿರಲಿಲ್ಲ. ನಮ್ಮವರು ದಂಡದ ರಶೀದಿಯಲ್ಲಿದ್ದ ಕಲಂ ಓದಿಕೊಂಡು, ಗವಿಪುರದವರೆಗೂ ಅದನ್ನೇ ಹೇಳುತ್ತಾ ಬಂದರು.