ನನ್ನ ಗಾಂಗ್ ಪಾಂಡಿತ್ಯ

ನಮ್ಮ ಮನೆಯಲ್ಲಿ ಗಮೆಲಾನ್ ಎಂಬ ಜಾವಾದ ಕಂಚಿನ ವಾದ್ಯಮೇಳದ ಶಾಸ್ತ್ರ ಓದಿದವನು ನಾನು, ಬಾರಿಸುವವಳು ಹೆಂಡತಿ ಮುರ್ತಿನಿ. ಸೋಲೋ ಪಟ್ಟಣದ ಕಾಲೇಜಿನಲ್ಲಿ ತಾಳದ ಲೆಕ್ಕವನ್ನೆಲ್ಲ ಅರೆದು ಕುಡಿದು ಬಂದವನು ನಾನು. ಮುರ್ತಿನಿಗೆ ಸ್ವರದ ಹೆಸರು ಕೇಳಿದರೆ, "ಆ ದಪ್ಪ ಪಟ್ಟಿ ಇದ್ಯಲ್ಲ, ಅದರ ಪಕ್ಕದ್ದು" ಅನ್ನುತ್ತಾಳೆ. ಆದರೂ ಕೇರಿಯ ಹೆಂಗಸರ ಮೇಳದಲ್ಲಿ ಮದ್ದಳೆ ಅವಳದೇ, ನಾಯಕತ್ವವೂ ಅವಳದೇ. (ಚಹಾ ಹಂಚುವ ಖಾತೆ ನನ್ನದು.)

ಮೊನ್ನೆ ಗಾಂಗ್ ಎಂಬ ದೊಡ್ಡ ಕಂಚಿನ ಜಾಗಟೆ ಬಾರಿಸುವಾಕೆ ಮಗಳ ಬಾಣಂತನಕ್ಕೆ ಹೊರಟುಬಿಟ್ಟಳು. ಮದುವೆಮನೆಯ ಕಾರ್ಯಕ್ರಮವೊಂದನ್ನು ಒಪ್ಪಿಕೊಂಡಾಗಿತ್ತು. ವರನ ತಾತ ಅರಮನೆಯಲ್ಲಿ ನುಡಿಸಿದ ಹಳೇ ಹುಲಿ. "ಆ ತಾತ ಮೂಗು ಮುರಿದ್ರೆ ನನ್ನ ಮದ್ದಳೆ ಅಟ್ಟಕ್ಕೆ" ಎಂದು ಮುರ್ತಿನಿ ಶಪಥ ಮಾಡಿದ್ದಳು. ನಾನು ಎದೆ ತಟ್ಟಿಕೊಂಡೆ. "ಗಾಂಗ್ ನನಗೆ ಬಿಡು. ಆವರ್ತದ ಕೊನೇಲಿ ಒಂದು ಪೆಟ್ಟು, ಅಷ್ಟೇ ತಾನೆ?"

ಅಭ್ಯಾಸದ ದಿನ ಹೆಂಗಸರೆಲ್ಲ ಸೊಸೆಯರನ್ನು ಬೈದುಕೊಳ್ಳುತ್ತಲೇ ಸೊಗಸಾಗಿ ನುಡಿಸಿದರು. ನಾನು ತುಟಿಯಲ್ಲೇ ಎಣಿಸಿ, ಲೆಕ್ಕ ಮುಗಿದ ಕ್ಷಣಕ್ಕೆ ಸರಿಯಾಗಿ ಧಡ್ ಎಂದು ಬಾರಿಸಿದೆ. ಎಲ್ಲರೂ ತಿರುಗಿ ನೋಡಿದರು. ಮುರ್ತಿನಿ ಮದ್ದಳೆ ನಿಲ್ಲಿಸಿದಳು.

"ಯಾಕ್ರೀ ಅವಸರ? ಎಲೆ ಹಾಕೋಕ್ಕೆ ಮುಂಚೆನೇ ಊಟಕ್ಕೆ ಕೂತವರ ಹಾಗೆ! ಎಲ್ರೂ ಬಂದು ಸೇರ್ಲಿ. ಆಮೇಲೆ ಒಂದು ಉಸಿರು ಬಿಟ್ಟು ಬೀಳ್ಬೇಕು ಗಾಂಗ್."

"ಒಂದು ಉಸಿರು ಅಂದ್ರೆ ಎಷ್ಟು ಮಾತ್ರೆ?"

"ಮಾತ್ರೆ ಬೇಕಾಗಿರೋದು ನಂಗೆ, ತಲೆನೋವಿಗೆ!"

"ಹೋಗ್ಲಿ ಬಿಡಮ್ಮ, ಓದಿದವರು ಪಾಪ" ಎಂದರು ನನ್ನ ಪಕ್ಕ ಕೂತು ಪುಟ್ಟ ಜಾಗಟೆ ಬಾರಿಸುವ ಹಿರಿಯಾಕೆ ಬು ಪೊನಿಯೆಮ್.

ಮದುವೆಯ ದಿನ ಮುರ್ತಿನಿ ಬೈಯಲೇ ಇಲ್ಲ. ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಕೋಳಿ, ಸೀಮೆಬದನೆ ಪಲ್ಯ, ಎಲ್ಲವನ್ನೂ ತಾನೇ ಬಡಿಸಿದಳು. "ಇನ್ನೊಂಚೂರು ಹಾಕ್ಕೊಳ್ಳಿ" ಎಂದು ಮತ್ತೆ ಮತ್ತೆ ಉಪಚಾರ. ಇಂಥ ಸತಿಶಿರೋಮಣಿ ಯಾರಿಗುಂಟು ಎಂದುಕೊಂಡು, ತುಂಬಿದ ಹೊಟ್ಟೆ ಹೊತ್ತು ಗಾಂಗ್ ಪಕ್ಕ ಕುಳಿತೆ. ಸುಡು ಮಧ್ಯಾಹ್ನ. ಮೇಳ ಶುರುವಾದದ್ದು ನೆನಪಿದೆ. ಆಮೇಲೆ ಆಗಾಗ ಪಕ್ಕೆಗೆ ಏನೋ ತಿವಿದಂತೆ, ನನ್ನ ಕೈ ತಾನಾಗಿ ಎದ್ದಂತೆ, ದೂರದಲ್ಲೆಲ್ಲೋ ಗೊಂ ಎಂದಂತೆ.

ಕಣ್ಣು ಬಿಟ್ಟರೆ ತಾತ ನನ್ನ ಕೈ ಹಿಡಿದು ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಈ ಕಾಲದಲ್ಲಿ ಯಾರೂ ಇಷ್ಟು ಕಾಯಲ್ಲಪ್ಪ. ಕಣ್ಣು ಮುಚ್ಚಿ, ಒಳಗೆ ಇಳಿದು ಬಾರಿಸಿದ್ರಿ. ನಿಮ್ಮ ಗುರು ಯಾರು?"

ಕಾಲೇಜಿನ ಹೆಸರು ಹೇಳಲು ಬಾಯಿ ತೆರೆದೆ. ಬಂದದ್ದು ಆಕಳಿಕೆ. ಅಷ್ಟರಲ್ಲಿ ಅವರು ಮುರ್ತಿನಿಯತ್ತ ತಿರುಗಿ, "ಮದ್ದಳೆ ಬಿಡಬೇಡಮ್ಮ ತಾಯಿ" ಎಂದರು. ಅವಳ ಮುಖ ಮದುಮಗಳ ಮುಖಕ್ಕಿಂತ ಅರಳಿತು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ಬೇಕಂತಲೇ ಅಷ್ಟು ತಿನ್ನಿಸಿದ್ಯಾ?"

"ಮತ್ತೆ? ಎಚ್ಚರ ಇದ್ರೆ ನೀವು ಎಣಿಸ್ತೀರಿ. ಬು ಪೊನಿಯೆಮ್‌ಗೆ ಬಾರಿಸೋಕ್ಕೆ ಒಂದು ಕೈ ಸಾಕು. ಇನ್ನೊಂದು ಕೈಗೆ ಕೋಲು ಕೊಟ್ಟಿದ್ದೆ. ಪಕ್ಕೆಗೆ ತಿವಿದದ್ದು ನಿಮ್ಮ ತಲೆ ಮುಟ್ಟೋಕ್ಕೆ ಸರಿಯಾಗಿ ಒಂದು ಉಸಿರು ಹಿಡಿಯತ್ತೆ!"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮದ್ದಳೆ ಅಟ್ಟ ಹತ್ತಲಿಲ್ಲವಲ್ಲ! ನನ್ನ ಮಂದಬುದ್ಧಿಯನ್ನೂ ತಾಳಕ್ಕೆ ಹೊಂದಿಸಿಕೊಂಡ ಈ ಹೆಂಗಸಿಗೆ ನಾನು ಜನ್ಮವಿಡೀ ಋಣಿ.

ಮೊಮ್ಮಗಳ ಮದುವೆಗೂ ಅದೇ ಗಾಂಗ್‌ನವರು ಬೇಕೆಂದು ತಾತ ಹೇಳಿ ಕಳಿಸಿದ್ದಾರೆ. ಮುರ್ತಿನಿ ಕೋಳಿಗೆ ಹೇಳಿಟ್ಟಿದ್ದಾಳೆ. ಬು ಪೊನಿಯೆಮ್ ದೊಡ್ಡ ಮನಸ್ಸು ಮಾಡಿ, ಈ ಸಲ ಕೋಲಿನ ತುದಿಗೆ ಬಟ್ಟೆ ಸುತ್ತಿಕೊಳ್ಳಲು ಒಪ್ಪಿದ್ದಾರೆ.